ಚಳ್ಳಕೆರೆ ಗಿರಣಿಯಿಂದ ದಾವಣಗೆರೆ ಗೋದಾಮಿನವರೆಗೆ: ಸಮಾನ ಎಲೆಕ್ಟ್ರಾನಿಕ್ ಮಾನಕಗಳ ಮೂಲಕ ಪೂರೈಕೆ ಸರಪಳಿಯನ್ನು ಮರುರೂಪಿಸುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಸಗಟು ವ್ಯಾಪಾರಿಯೊಬ್ಬರು ಚಳ್ಳಕೆರೆಯ ಎಣ್ಣೆ ಗಿರಣಿಗೆ ಫೋನ್ ಮಾಡಿ 200 ಡಬ್ಬ ಶೇಂಗಾ ಎಣ್ಣೆ ಬೇಕೆಂದು ಹೇಳುತ್ತಾರೆ ಎಂದಿಟ್ಟುಕೊಳ್ಳೋಣ. ಗಿರಣಿಯ ಗುಮಾಸ್ತರು ಅದನ್ನು ಆರ್ಡರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಗೋದಾಮಿಗೆ ಚೀಟಿ ಕಳಿಸುತ್ತಾರೆ, ಲೆಕ್ಕಪತ್ರದವರು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಬಿಲ್ ಮಾಡುತ್ತಾರೆ, ಲಾರಿಯವರು ಬಿಲ್ಟಿ, ಅಂದರೆ ಸಾಗಣೆಯ ರಸೀದಿ ಬರೆಯುತ್ತಾರೆ. ದಾವಣಗೆರೆಯಲ್ಲಿ ಸರಕು ಇಳಿದಾಗ ಅಲ್ಲಿನ ಗೋದಾಮಿನವರು ತಮ್ಮ ಸ್ಟಾಕ್ ರಿಜಿಸ್ಟರಿನಲ್ಲಿ ಅದನ್ನೇ ಇನ್ನೊಮ್ಮೆ ಬರೆಯುತ್ತಾರೆ, ಅವರ ಲೆಕ್ಕಪತ್ರದವರು ಖರೀದಿ ಖಾತೆಯಲ್ಲಿ ಮಗದೊಮ್ಮೆ ಟೈಪ್ ಮಾಡುತ್ತಾರೆ. ಒಂದೇ ಸಂಗತಿಯನ್ನು ಇಷ್ಟು ಕೈಗಳು ಇಷ್ಟು ಕಡೆ ಬರೆದಾಗ, ಎಲ್ಲಾದರೂ ಒಂದು ಕಡೆ 200 ಎಂಬುದು 197 ಆಗುತ್ತದೆ. ಆ ಮೂರು ಡಬ್ಬ ದಾರಿಯಲ್ಲಿ ಸೋರಿದವೇ, ಹತ್ತಿಸುವಾಗಲೇ ಕಡಿಮೆಯಿದ್ದವೇ, ಅಥವಾ ಬರೆಯುವಾಗ ತಪ್ಪಿತೇ ಎಂಬ ಜಗಳ ಮುಗಿಯುವವರೆಗೆ ಇಡೀ ಬಿಲ್ಲಿನ ಹಣ ಬಾಕಿ ಉಳಿಯುತ್ತದೆ.

ಈ ಮಾರ್ಗದರ್ಶಿಯ ವಾದ ಸರಳವಾದುದು. ನಮ್ಮ ದೇಶದಲ್ಲಿ ಬಿಲ್ಲಿನ ನಮೂನೆಯನ್ನು ಕಾನೂನೇ ಬಹುಮಟ್ಟಿಗೆ ಏಕರೂಪಗೊಳಿಸಿದೆ. ಆದರೆ ಬಿಲ್ಲಿಗಿಂತ ಮೊದಲು ಬರುವ ಆರ್ಡರ್, ಸರಕು ರವಾನೆ ಮತ್ತು ಸರಕು ಸ್ವೀಕೃತಿ ಇನ್ನೂ ಬಾಯಿಮಾತಿನಲ್ಲಿ, ವಾಟ್ಸ್ಆ್ಯಪ್ ಧ್ವನಿ ಸಂದೇಶದಲ್ಲಿ, ಹರಿದ ಚೀಟಿಯಲ್ಲಿ ನಡೆಯುತ್ತಿವೆ. ತಕರಾರು ಹುಟ್ಟುವುದು ಬಹುಪಾಲು ಅಲ್ಲಿಯೇ. ಆದ್ದರಿಂದ ಮರುರೂಪಿಸುವ ಕೆಲಸವನ್ನು ಬಿಲ್ಲಿನಿಂದಲ್ಲ, ಸ್ವೀಕೃತಿಯಿಂದ ಆರಂಭಿಸಬೇಕು.

ಮಾನಕ ಬೇರೆ, ತಂತ್ರಾಂಶ ಬೇರೆ

ಎಲೆಕ್ಟ್ರಾನಿಕ್ ವ್ಯವಹಾರ ಮಾನಕ ಎಂದರೆ ಎರಡು ಬೇರೆ ಬೇರೆ ಸಂಸ್ಥೆಗಳ ಗಣಕಗಳು ಒಂದೇ ದಾಖಲೆಯನ್ನು ಒಂದೇ ಅರ್ಥದಲ್ಲಿ ಓದಿಕೊಳ್ಳಲು ಮೊದಲೇ ಮಾಡಿಕೊಂಡ ಒಪ್ಪಂದ. ಅಮೆರಿಕದಲ್ಲಿ ಇಂಥ ಮಾನಕಗಳನ್ನು ರೂಪಿಸುವ ಎಕ್ಸ್12 ಸಮಿತಿ 1979ರಲ್ಲಿ ರೂಪುಗೊಂಡಿತು. ವಿಶ್ವಸಂಸ್ಥೆಯ ಆಶ್ರಯದ ಎಡಿಫ್ಯಾಕ್ಟ್ 1987ರಲ್ಲಿ ಐಎಸ್‌ಒ 9735 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅಂತರ್ಜಾಲದ ಕಾಲಕ್ಕೆ ಹೊಂದುವ ಯುಬಿಎಲ್ ಎಂಬ ದಾಖಲೆಗಳ ಗ್ರಂಥಾಲಯ 2015ರಲ್ಲಿ ಐಎಸ್‌ಒ/ಐಇಸಿ 19845 ಎಂಬ ಸಂಖ್ಯೆ ಪಡೆಯಿತು. ಸರಕಿಗೂ ಸ್ಥಳಕ್ಕೂ ಸಂಖ್ಯೆ ಕೊಡುವ ಕೆಲಸವನ್ನು ಜಿಎಸ್1 ಸಂಸ್ಥೆ ನೋಡಿಕೊಳ್ಳುತ್ತದೆ. ಇವುಗಳಲ್ಲಿ ಯಾವುದೂ ಅಂಗಡಿಯಲ್ಲಿ ಕೊಳ್ಳುವ ತಂತ್ರಾಂಶವಲ್ಲ. ಟ್ಯಾಲಿಯೇ ಇರಲಿ, ಬೇರೆಯದೇ ಇರಲಿ, ತಂತ್ರಾಂಶವನ್ನು ನಾಳೆ ಬದಲಿಸಬಹುದು. ಒಪ್ಪಂದ ಸರಿಯಾಗಿದ್ದರೆ ಎದುರಿನವರಿಗೆ ಆ ಬದಲಾವಣೆ ಗೊತ್ತೂ ಆಗಬೇಕಾಗಿಲ್ಲ. ತಂತ್ರಾಂಶ ಮಾರಲು ಬರುವವರು ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಹಂತ 1: ಒಂದೇ ಆರ್ಡರಿನ ಹಿಂದೆ ಕೊನೆಯವರೆಗೆ ಹೋಗಿ

ಯಾವ ಯೋಜನೆಯನ್ನೂ ಬರೆಯುವ ಮೊದಲು, ಈಚೆಗೆ ಮುಗಿದ ಒಂದು ಆರ್ಡರನ್ನು ಆರಿಸಿಕೊಂಡು, ಅದು ಹುಟ್ಟಿದ ಫೋನ್ ಕರೆಯಿಂದ ಹಣ ಜಮೆಯಾದ ದಿನದವರೆಗೆ ಅದರ ಎಲ್ಲ ಕಾಗದಗಳನ್ನೂ ಒಂದು ಮೇಜಿನ ಮೇಲೆ ಸಾಲಾಗಿ ಇಡಿ. ಪ್ರತಿ ಕಾಗದಕ್ಕೂ ನಾಲ್ಕು ಪ್ರಶ್ನೆ ಕೇಳಿ: ಇದನ್ನು ಬರೆದವರು ಯಾರು, ನೋಡಿ ನಕಲು ಮಾಡಿದ್ದು ಯಾವುದರಿಂದ, ಇದರಲ್ಲಿ ಹೊಸದಾಗಿ ಸೇರಿದ ಮಾಹಿತಿ ಯಾವುದು, ಇದು ಇಲ್ಲದಿದ್ದರೆ ನಿಲ್ಲುವ ಕೆಲಸ ಯಾವುದು. ಹೊಸ ಮಾಹಿತಿ ಏನೂ ಸೇರದ ಕಾಗದ ಬರೀ ನಕಲು. ಈ ಪರೀಕ್ಷೆಗೆ ಮಾಲೀಕರಷ್ಟೇ ಕೂತರೆ ಸಾಲದು. ಗೋದಾಮು ನೋಡಿಕೊಳ್ಳುವವರು ಮತ್ತು ಲಾರಿ ಹತ್ತಿಸುವ ಹಮಾಲರ ಮೇಸ್ತ್ರಿ ಜೊತೆಗಿರಬೇಕು, ಏಕೆಂದರೆ ಆರ್ಡರಿಗಿಂತ ಕಡಿಮೆ ಸರಕು ಹೋದಾಗ ಏನು ಮಾಡುತ್ತಾರೆ ಎಂಬ ನಿಜವಾದ ಉತ್ತರ ಅವರ ಬಳಿಯೇ ಇರುತ್ತದೆ.

ಹಂತ 2: ಒಬ್ಬ ಗಿರಾಕಿ, ಒಂದು ಸರಕಿನ ಗುಂಪು

ಮೊದಲ ಪ್ರಯತ್ನಕ್ಕೆ ಒಬ್ಬರೇ ಖರೀದಿದಾರರನ್ನು ಆರಿಸಿ. ಅತಿ ದೊಡ್ಡ ಗಿರಾಕಿ ಬೇಡ. ವಾರಕ್ಕೊಂದಾದರೂ ಆರ್ಡರ್ ಕೊಡುವ, ಲೆಕ್ಕದಲ್ಲಿ ಶಿಸ್ತಿರುವ, ತಕರಾರನ್ನು ಬಿಚ್ಚಿ ಮಾತನಾಡುವ ಗಿರಾಕಿ ಉತ್ತಮ. ಸರಕೂ ಅಷ್ಟೇ: ಶೇಂಗಾ ಎಣ್ಣೆಯ ಡಬ್ಬ ಮತ್ತು ಪೌಚು ಮಾತ್ರ ತೆಗೆದುಕೊಳ್ಳಿ, ಹಿಂಡಿಯನ್ನು ನಂತರಕ್ಕೆ ಬಿಡಿ.

ಹಂತ 3: ಯಾರು, ಎಲ್ಲಿ, ಏನು ಎಂಬುದಕ್ಕೆ ಸಂಖ್ಯೆ

ಇಬ್ಬರ ಲೆಕ್ಕದಲ್ಲೂ ಒಂದೇ ಸಂಗತಿಗೆ ಒಂದೇ ಗುರುತು ಇರಬೇಕು ಎಂಬುದೇ ಇಡೀ ಕಟ್ಟಡದ ತಳಪಾಯ. "ಯಾರು" ಎಂಬುದಕ್ಕೆ ಜಿಎಸ್‌ಟಿ ನೋಂದಣಿ ಸಂಖ್ಯೆ ಈಗಾಗಲೇ ಇದೆ. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಕೊನೆಯದು ತಾಳೆ ನೋಡುವ ಅಕ್ಷರ. ಆದರೆ "ಎಲ್ಲಿ" ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. ಒಂದೇ ನೋಂದಣಿಯ ಅಡಿಯಲ್ಲಿ ದಾವಣಗೆರೆಯಲ್ಲೊಂದು, ಹರಿಹರದಲ್ಲೊಂದು ಗೋದಾಮು ಇದ್ದರೆ ಲಾರಿ ಯಾವ ಬಾಗಿಲಿಗೆ ಹೋಗಬೇಕು? ಇದಕ್ಕಾಗಿ ಜಿಎಸ್1 ಪದ್ಧತಿಯಲ್ಲಿ 13 ಅಂಕಿಯ ಜಿಎಲ್‌ಎನ್ ಎಂಬ ಸ್ಥಳ ಸಂಖ್ಯೆಯಿದೆ. ಅದನ್ನು ಪಡೆಯುವವರೆಗೆ ನೋಂದಣಿ ಸಂಖ್ಯೆಯ ಜೊತೆಗೆ ಇಬ್ಬರೂ ಒಪ್ಪಿದ ಎರಡಂಕಿಯ ಗೋದಾಮು ಸಂಕೇತ ಇಟ್ಟುಕೊಂಡರೂ ನಡೆಯುತ್ತದೆ.

"ಏನು" ಎಂಬುದಕ್ಕೆ ಜಿಟಿಐಎನ್, ಅಂದರೆ ಬಾರ್‌ಕೋಡಿನ ಕೆಳಗೆ ಕಾಣುವ ಸಂಖ್ಯೆ. ಜಿಎಸ್1 ಇಂಡಿಯಾ ಕೊಡುವ ಸಂಖ್ಯೆಗಳು 890ರಿಂದ ಆರಂಭವಾಗುತ್ತವೆ. ಇಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು: ಬೇರೆಯಾಗಿ ಬೆಲೆ ಕಟ್ಟುವ, ಆರ್ಡರ್ ಮಾಡುವ ಅಥವಾ ಬಿಲ್ ಮಾಡುವ ಪ್ರತಿಯೊಂದು ಪ್ಯಾಕಿಗೂ ಪ್ರತ್ಯೇಕ ಸಂಖ್ಯೆ ಬೇಕು. ಒಂದು ಲೀಟರ್ ಪೌಚಿಗೆ ಒಂದು, ಅರ್ಧ ಲೀಟರಿಗೆ ಇನ್ನೊಂದು, ಪೌಚುಗಳ ರಟ್ಟಿನ ಪೆಟ್ಟಿಗೆಗೆ ಮತ್ತೊಂದು.

ಈ ಸಂಖ್ಯೆಯ ಕೊನೆಯ ಅಂಕಿಯನ್ನು ಕೈಯಲ್ಲಿ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಟೈಪಿಂಗ್ ತಪ್ಪನ್ನು ಗಣಕ ಹೇಗೆ ಹಿಡಿಯುತ್ತದೆ ಎಂಬುದು ಆಗ ತಿಳಿಯುತ್ತದೆ. ಉದಾಹರಣೆಗೆ 890123456789 ಎಂಬ 12 ಅಂಕಿಗಳನ್ನು ತೆಗೆದುಕೊಳ್ಳಿ. ಎಡದಿಂದ ಒಂದು ಬಿಟ್ಟು ಒಂದನ್ನು 1ರಿಂದ ಮತ್ತು 3ರಿಂದ ಗುಣಿಸುತ್ತಾ ಹೋಗಿ: 8, 27, 0, 3, 2, 9, 4, 15, 6, 21, 8, 27. ಕೂಡಿದರೆ 130. ಅದರ ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆಯಿದೆಯೋ ಅದೇ ತಾಳೆ ಅಂಕಿ. ಇಲ್ಲಿ 130 ತಾನೇ ಹತ್ತರ ಗುಣಕವಾದ್ದರಿಂದ ತಾಳೆ ಅಂಕಿ 0, ಪೂರ್ಣ ಸಂಖ್ಯೆ 8901234567890. ಇದೇ ಪೌಚುಗಳ ಪೆಟ್ಟಿಗೆಗೆ 14 ಅಂಕಿಯ ಸಂಖ್ಯೆ ಬೇಕಾದಾಗ, ತಾಳೆ ಅಂಕಿಯನ್ನು ತೆಗೆದು ಮುಂದೆ 1 ಸೇರಿಸುತ್ತಾರೆ. ಆ 1 ಮೂರರಿಂದ ಗುಣಿತವಾಗಿ ಮೊತ್ತ 133 ಆಗುತ್ತದೆ, ತಾಳೆ ಅಂಕಿ 7ಕ್ಕೆ ಬದಲಾಗಿ 18901234567897 ಬರುತ್ತದೆ. ಹಳೆಯ ತಾಳೆ ಅಂಕಿಯನ್ನೇ ಉಳಿಸಿಕೊಂಡು ಮುಂದೆ 1 ಅಂಟಿಸಿದರೆ ಖರೀದಿದಾರರ ವ್ಯವಸ್ಥೆ ಆ ಸಂಖ್ಯೆಯನ್ನು ತಿರಸ್ಕರಿಸುತ್ತದೆ, ತಿರಸ್ಕರಿಸಲೂ ಬೇಕು.

ಎಕ್ಸೆಲ್ ಬಳಸುವವರಿಗೆ ಒಂದು ಎಚ್ಚರಿಕೆ. ಸಂಖ್ಯೆಯ ಕಾಲಂ ಅನ್ನು ಪಠ್ಯ ಎಂದು ಮೊದಲೇ ಗೊತ್ತುಮಾಡದಿದ್ದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗುತ್ತದೆ, ಉದ್ದದ ಸಂಖ್ಯೆಯನ್ನು 8.9E+12 ಎಂಬಂಥ ಘಾತ ರೂಪಕ್ಕೆ ತಿರುಗಿಸಿ ತೋರಿಸುತ್ತದೆ. ಇನ್ನೂ ಕೆಟ್ಟದ್ದೆಂದರೆ 15 ಅಂಕಿಗಳಿಗಿಂತ ಹೆಚ್ಚನ್ನು ಅದು ಸಂಖ್ಯೆಯಾಗಿ ನೆನಪಿಡುವುದಿಲ್ಲ. ಪ್ಯಾಲೆಟ್ಟಿಗೆ ಹಾಕುವ 18 ಅಂಕಿಯ ಎಸ್‌ಎಸ್‌ಸಿಸಿ ಸಂಖ್ಯೆಯ ಕೊನೆಯ ಮೂರು ಅಂಕಿಗಳು ಸದ್ದಿಲ್ಲದೆ ಸೊನ್ನೆಗಳಾಗಿಬಿಡುತ್ತವೆ.

ಹಂತ 4: ಕೆಜಿಯೋ, ಲೀಟರೋ, ಡಬ್ಬವೋ?

ಎಣ್ಣೆ ವ್ಯಾಪಾರದಲ್ಲಿ ಅಳತೆಯ ಗೊಂದಲ ಬರೀ ಕಾಗದದ ಮೇಲಿನದಲ್ಲ. ಮಾರುಕಟ್ಟೆಯಲ್ಲಿ 15 ಕೆಜಿ ಡಬ್ಬವೂ ಇದೆ, 15 ಲೀಟರ್ ಡಬ್ಬವೂ ಇದೆ, ಎರಡನ್ನೂ ಜನ "ಹದಿನೈದರ ಡಬ್ಬ" ಎಂದೇ ಕರೆಯುತ್ತಾರೆ. ಲೀಟರಿಗೆ ಸುಮಾರು 910 ಗ್ರಾಂ ಎಂದು ಹಿಡಿದರೆ 15 ಲೀಟರ್ ಡಬ್ಬದಲ್ಲಿ ಇರುವುದು 13.65 ಕೆಜಿ ಎಣ್ಣೆ. 200 ಡಬ್ಬಗಳ ಲಾರಿಯಲ್ಲಿ ಈ ವ್ಯತ್ಯಾಸ 270 ಕೆಜಿ ಆಗುತ್ತದೆ. ಫೋನಿನಲ್ಲಿ "ಹದಿನೈದರದ್ದು ಇನ್ನೂರು ಕಳಿಸಿ" ಎಂದಾಗ ಇಬ್ಬರ ಮನಸ್ಸಿನಲ್ಲೂ ಒಂದೇ ಡಬ್ಬವಿತ್ತೆಂದು ಯಾರು ಹೇಳಬಲ್ಲರು? ಎರಡು ಡಬ್ಬಗಳಿಗೂ ಬೇರೆ ಬೇರೆ ಜಿಟಿಐಎನ್ ಇದ್ದು, ಆರ್ಡರಿನಲ್ಲಿ ಆ ಸಂಖ್ಯೆಯನ್ನೇ ಬಳಸಿದರೆ ಈ ಪ್ರಶ್ನೆ ಏಳುವುದೇ ಇಲ್ಲ.

ಇದರ ಮೇಲೆ ಅಳತೆಯ ಸಂಕೇತಗಳೂ ಒಂದೇ ಆಗಿರಬೇಕು. ಜಿಎಸ್‌ಟಿ ಪಟ್ಟಿಯಲ್ಲಿ ಕಿಲೋಗ್ರಾಮಿಗೆ "ಕೆಜಿಎಸ್", ಕ್ವಿಂಟಲಿಗೆ "ಕ್ಯೂಟಿಎಲ್" ಎಂಬ ಸಂಕೇತಗಳಿವೆ. ಯುಬಿಎಲ್ ದಾಖಲೆಗಳು ಬಳಸುವ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕಿಲೋಗ್ರಾಂ "ಕೆಜಿಎಂ" ಆಗುತ್ತದೆ. ಹೀಗಾಗಿ ಎರಡು ಕಾಲಂಗಳ ಒಂದು ಚಿಕ್ಕ ಪರಿವರ್ತನಾ ಪಟ್ಟಿಯನ್ನು ಮೊದಲ ದಿನವೇ ಮಾಡಿ, ಅದನ್ನು ತಿದ್ದುವ ಅಧಿಕಾರವನ್ನು ಒಬ್ಬರಿಗೆ ಮಾತ್ರ ಕೊಡಿ. ದಿನಾಂಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 8601ರಲ್ಲಿ ವರ್ಷ ಮೊದಲು, ನಂತರ ತಿಂಗಳು, ಕೊನೆಗೆ ದಿನ. ನಮ್ಮ ಇ-ಇನ್‌ವಾಯ್ಸ್, ಅಂದರೆ ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸುವ ಜಿಎಸ್‌ಟಿ ಬಿಲ್ಲಿನ ನಮೂನೆಯಲ್ಲಿ ದಿನ ಮೊದಲು. ಒಂದು ತಂತ್ರಾಂಶ ಅಮೆರಿಕದ ಕ್ರಮದಲ್ಲಿ ಓದಿದರೆ ಮಾರ್ಚ್ 4 ಏಪ್ರಿಲ್ 3 ಆಗಿ, ಆರ್ಥಿಕ ವರ್ಷವೇ ಬದಲಾಗುತ್ತದೆ.

ಹಂತ 5: ಸಂದೇಶಗಳನ್ನು ಗೊತ್ತುಮಾಡುವುದು

ಎಡಿಫ್ಯಾಕ್ಟ್ ಮತ್ತು ಯುಬಿಎಲ್ ಎರಡರಲ್ಲೂ ಹತ್ತಾರು ಬಗೆಯ ದಾಖಲೆಗಳಿವೆ. ಆರಂಭಕ್ಕೆ ಐದು ಸಾಕು: ಆರ್ಡರ್, ಆರ್ಡರಿಗೆ ಉತ್ತರ, ರವಾನೆ ಸೂಚನೆ, ಸ್ವೀಕೃತಿ ಸೂಚನೆ, ಬಿಲ್. ಸಣ್ಣ ಗಿರಣಿಯೊಂದು ಮೊದಲ ದಿನವೇ ಪೂರ್ಣ ಯುಬಿಎಲ್ ಕಡತಗಳನ್ನು ಹುಟ್ಟಿಸಬೇಕೆಂದು ಹೊರಡುವುದು ಜಾಣತನವಲ್ಲ. ಯುಬಿಎಲ್‌ನ ಕಾಲಂ ಹೆಸರುಗಳನ್ನೇ ಇಟ್ಟುಕೊಂಡು, ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಸಿಎಸ್‌ವಿ ಕಡತದಿಂದ ಶುರುಮಾಡಿದರೆ, ನಾಳೆ ಪೂರ್ಣ ರೂಪಕ್ಕೆ ಹೋಗುವಾಗ ಅರ್ಥ ಬದಲಾಗದೆ ಹೊದಿಕೆ ಮಾತ್ರ ಬದಲಾಗುತ್ತದೆ.

ಆರ್ಡರಿನಲ್ಲಿ ಖರೀದಿದಾರರೇ ಕೊಟ್ಟ ಆರ್ಡರ್ ಸಂಖ್ಯೆ ಇರಬೇಕು, ಪ್ರತಿ ಸರಕಿಗೂ ಒಂದು ಸಾಲು ಸಂಖ್ಯೆ ಇರಬೇಕು. ಈ ಎರಡು ಸಂಖ್ಯೆಗಳು ಮುಂದಿನ ಎಲ್ಲ ದಾಖಲೆಗಳಲ್ಲೂ ಅಳಿಯದೆ ಸಾಗಬೇಕೆಂಬುದು ಅತಿ ಮುಖ್ಯ. ಒಂದು ಆರ್ಡರಿನ ಸರಕು ಎರಡು ಲಾರಿಗಳಲ್ಲಿ ಹೋದರೂ, ಎರಡು ಆರ್ಡರುಗಳ ಸರಕು ಒಂದೇ ಲಾರಿಯಲ್ಲಿ ಹೋದರೂ, ಆಗ ಮಾತ್ರ ಎಲ್ಲವೂ ತಾಳೆಯಾಗುತ್ತದೆ. ಆರ್ಡರಿಗೆ ಉತ್ತರ ಎಂದರೆ ಗಿರಣಿಯು ಪ್ರತಿ ಸಾಲಿಗೂ ಹೌದು, ಇಲ್ಲ, ಅಥವಾ ಇಷ್ಟು ಮಾತ್ರ ಇಂಥ ದಿನ ಎಂದು ಹೇಳುವುದು. ನಮ್ಮ ಕಡೆ ಈ ಉತ್ತರವನ್ನು ಕೊಡುವ ರೂಢಿಯೇ ಕಡಿಮೆ, ಲಾರಿ ಬಂದಾಗಲೇ ಉತ್ತರ ಗೊತ್ತಾಗುತ್ತದೆ.

ರವಾನೆ ಸೂಚನೆ ಲಾರಿ ಗಿರಣಿಯ ಗೇಟು ದಾಟುವಾಗಲೇ ಹೋಗಬೇಕು. ಅದರಲ್ಲಿ ಲಾರಿ ಸಂಖ್ಯೆ, ಬಿಲ್ಟಿ ಸಂಖ್ಯೆ, ಆರ್ಡರ್ ಮತ್ತು ಸಾಲು ಸಂಖ್ಯೆ, ಜಿಟಿಐಎನ್, ನಿಜವಾಗಿ ಹತ್ತಿಸಿದ ಡಬ್ಬಗಳ ಎಣಿಕೆ, ಬ್ಯಾಚ್ ಸಂಖ್ಯೆ ಇರಬೇಕು. ಚಳ್ಳಕೆರೆಯಿಂದ ಚಿತ್ರದುರ್ಗದ ಮೇಲೆ ದಾವಣಗೆರೆ ಮುಟ್ಟಲು ಲಾರಿಗೆ ಬೇಕಾಗುವ ಕೆಲವು ಗಂಟೆಗಳಲ್ಲಿ ಗೋದಾಮಿನವರು ಜಾಗ ಮಾಡಿಕೊಳ್ಳಬಹುದು, ಹಮಾಲರನ್ನು ಕರೆಸಬಹುದು, ಅಂಗಡಿಗಳಿಗೆ ಮಾತು ಕೊಡಬಹುದು.

ಇನ್ನು ಸ್ವೀಕೃತಿ ಸೂಚನೆ. ನಮ್ಮ ಉದಾಹರಣೆಯ ಲಾರಿ ಬಂದಿದೆ. ರವಾನೆ ಸೂಚನೆಯಲ್ಲಿ 200 ಡಬ್ಬ ಎಂದಿದೆ. ಗೋದಾಮಿನವರು ಇಳಿಸುವಾಗಲೇ ಎಣಿಸಿ, ಮೊಬೈಲಿನ ಪರದೆಯಲ್ಲಿ ಅದೇ ಸಾಲಿನ ಎದುರು ಬಂದದ್ದು 199, ಕಡಿಮೆ 1, ಬಂದವುಗಳಲ್ಲಿ ತಿರಸ್ಕರಿಸಿದ್ದು 2, ಕಾರಣ ಸೋರಿಕೆ ಎಂದು ನಮೂದಿಸಿ, ಸೋರಿದ ಡಬ್ಬಗಳ ಚಿತ್ರ ಸೇರಿಸಿ, ಚಾಲಕನ ಎದುರಿಗೇ ಕಳಿಸುತ್ತಾರೆ. ಕೆಡದೆ ಸ್ವೀಕೃತವಾದದ್ದು 197. ಯುಬಿಎಲ್‌ನ ಸ್ವೀಕೃತಿ ದಾಖಲೆಯಲ್ಲಿ ಬಂದದ್ದು, ಕಡಿಮೆಯಾದದ್ದು, ತಿರಸ್ಕರಿಸಿದ್ದು ಎಂಬುದಕ್ಕೆ ಪ್ರತ್ಯೇಕ ಜಾಗಗಳೇ ಇವೆ. ಕಾರಣಗಳಿಗೆ ಮುಕ್ತವಾಗಿ ಬರೆಯಲು ಬಿಡದೆ, ಸೋರಿಕೆ, ಜಜ್ಜಿದ ಡಬ್ಬ, ಸೀಲ್ ಒಡೆದದ್ದು, ಬೇರೆ ಸರಕು, ಎಣಿಕೆಯಲ್ಲಿ ಕಡಿಮೆ, ಅವಧಿ ಮೀರಿದ್ದು ಎಂಬಂಥ ಐದಾರು ಸಂಕೇತಗಳ ಪಟ್ಟಿ ಕೊಡಿ. ಮೂರು ತಿಂಗಳ ನಂತರ ಸೋರಿಕೆ ಒಂದೇ ಲಾರಿಯ ಕಡೆಯಿಂದ ಬರುತ್ತಿದೆಯೇ, ಒಂದೇ ಬ್ಯಾಚಿನ ಡಬ್ಬಗಳಲ್ಲಿದೆಯೇ ಎಂದು ಎಣಿಸಿ ನೋಡಲು ಆಗುವುದು ಈ ಸಂಕೇತಗಳಿಂದಲೇ. "ಸರಕು ಮುಟ್ಟಿದೆ" ಎಂಬ ಸಹಿಗೂ ಇದಕ್ಕೂ ಇರುವ ಅಂತರ ಇದು.

ಬಿಲ್ಲಿನ ವಿಚಾರದಲ್ಲಿ ಹೊಸದಾಗಿ ಏನನ್ನೂ ಕಂಡುಹಿಡಿಯಬೇಡಿ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಕಡ್ಡಾಯವಾದ ಇ-ಇನ್‌ವಾಯ್ಸ್, ಹಂತ ಹಂತವಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾಯಿತು. ನೋಂದಾಯಿತ ವ್ಯಾಪಾರಿಗಳ ನಡುವಿನ ಬಿಲ್ಲನ್ನು ಗಣಕಗಳು ಓದುವ ಜೆಸನ್ ಎಂಬ ಕಡತ ರೂಪದಲ್ಲಿ ಪೋರ್ಟಲಿಗೆ ಕಳಿಸಿದಾಗ 64 ಅಕ್ಷರಗಳ ಐಆರ್‌ಎನ್ ಎಂಬ ಬಿಲ್ಲಿನ ಗುರುತು ಮತ್ತು ಕ್ಯೂಆರ್ ಸಂಕೇತ ಬರುತ್ತವೆ. ಆ 64 ಅಕ್ಷರಗಳು ಮಾರಾಟಗಾರರ ನೋಂದಣಿ ಸಂಖ್ಯೆ, ದಾಖಲೆಯ ಬಗೆ, ಬಿಲ್ ಸಂಖ್ಯೆ ಮತ್ತು ಆರ್ಥಿಕ ವರ್ಷದಿಂದ ಹುಟ್ಟುವುದರಿಂದ ಒಂದೇ ಬಿಲ್ ಎರಡು ಬಾರಿ ನೋಂದಣಿಯಾಗಲಾರದು. ಗಿರಣಿಯ ವಹಿವಾಟು 5 ಕೋಟಿಯೊಳಗೆ ಇದ್ದರೂ ಬಿಲ್ಲಿನ ಕಾಲಂಗಳನ್ನು ಇದೇ ನಮೂನೆಯಲ್ಲಿ ಇಟ್ಟುಕೊಳ್ಳುವುದು ಲೇಸು. ಆ ನಮೂನೆಯಲ್ಲಿ ಖರೀದಿದಾರರ ಆರ್ಡರ್ ಉಲ್ಲೇಖಕ್ಕೆ ಐಚ್ಛಿಕ ಜಾಗವಿದೆ. ಬಹಳ ಮಂದಿ ಖಾಲಿ ಬಿಡುವ ಆ ಜಾಗವನ್ನು ತುಂಬುವುದರಿಂದಲೇ ಅರ್ಧ ಕೆಲಸ ಸಾಧಿಸುತ್ತದೆ. ಆಹಾರ ವ್ಯಾಪಾರವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಬಿಲ್ಲಿನಲ್ಲಿರಬೇಕು.

ಹಂತ 6: ಈಗ ಕೆಲಸದ ಕ್ರಮವನ್ನೇ ಬದಲಿಸಿ

ಇಲ್ಲಿಯವರೆಗೆ ಮಾಡಿದ್ದು ಸಿದ್ಧತೆ. ಹಳೆಯ ಕ್ರಮವನ್ನು ಹಾಗೇ ಉಳಿಸಿಕೊಂಡು ಕಾಗದದ ಬದಲು ಕಡತ ಕಳಿಸಿದರೆ, ನಕಲುಗಳು ವೇಗವಾಗಿ ಹುಟ್ಟುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ.

ಮೊದಲ ಬದಲಾವಣೆ: ಬಿಲ್ ಹುಟ್ಟಬೇಕಾದದ್ದು ಆರ್ಡರಿನಿಂದಲ್ಲ, ನಿಜವಾಗಿ ಹತ್ತಿಸಿದ ಎಣಿಕೆಯಿಂದ. ಬೆಳಿಗ್ಗೆಯೇ ಆರ್ಡರ್ ನೋಡಿ ಬಿಲ್ ಮಾಡಿಟ್ಟು, ಸಂಜೆ ಹತ್ತಿಸುವಾಗ ಎರಡು ಡಬ್ಬ ಕಡಿಮೆಯಾದರೂ ಬಿಲ್ ತಿದ್ದದಿರುವ ರೂಢಿಯೇ ಅನೇಕ ತಕರಾರುಗಳ ಮೂಲ. ಗೋದಾಮಿನವರು ಹತ್ತಿಸಿದ ಎಣಿಕೆಯನ್ನು ದೃಢಪಡಿಸಿದ ಮೇಲೆ ಅದರಿಂದಲೇ ರವಾನೆ ಸೂಚನೆ, ಬಿಲ್ ಮತ್ತು ಇ-ವೇ ಬಿಲ್ (ಸರಕು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿ ದಾಖಲೆ) ಮೂರೂ ಹುಟ್ಟಲಿ. ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಬೇಕಾಗುವ ಇ-ವೇ ಬಿಲ್ಲನ್ನು ಐಆರ್‌ಎನ್ ಜೊತೆಯಲ್ಲೇ ಪಡೆಯಬಹುದು. ವಾಹನ ಸಂಖ್ಯೆಯಿರುವ ಎರಡನೆಯ ಭಾಗ ತುಂಬಿದ ಮೇಲೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಸಿಗುತ್ತದೆ, ಚಳ್ಳಕೆರೆ–ದಾವಣಗೆರೆ ದಾರಿಗೆ ಅದು ಧಾರಾಳವಾಗಿ ಸಾಕು.

ಎರಡನೆಯ ಬದಲಾವಣೆ: ಖರೀದಿದಾರರ ಕಡೆ ಬಿಲ್ಲನ್ನು ಟೈಪ್ ಮಾಡುವ ಕೆಲಸ ನಿಲ್ಲಬೇಕು, ತಾಳೆ ನೋಡುವ ಕೆಲಸ ಮಾತ್ರ ಉಳಿಯಬೇಕು. ಆರ್ಡರಿನ ದರ, ಸ್ವೀಕೃತಿಯ ಎಣಿಕೆ, ಬಿಲ್ಲಿನ ಮೊತ್ತ ಮೂರೂ ಹೊಂದಿದರೆ ಯಾರೂ ಮುಟ್ಟದೆ ಬಿಲ್ ಪಾವತಿಯ ಸಾಲಿಗೆ ಸೇರುತ್ತದೆ. ಹೊಂದದಿದ್ದರೆ ಆ ಸಾಲು ಮಾತ್ರ ಒಬ್ಬರ ಮೇಜಿಗೆ ಬರುತ್ತದೆ. ಎಷ್ಟು ವ್ಯತ್ಯಾಸವನ್ನು ಬಿಟ್ಟುಬಿಡಬೇಕು ಎಂಬುದನ್ನು ಮೊದಲೇ ಬರೆದಿಡಿ. ಡಬ್ಬದ ಎಣಿಕೆಯಲ್ಲಿ ಒಂದನ್ನೂ ಬಿಡುವಂತಿಲ್ಲ, ಆದರೆ ಟ್ಯಾಂಕರಿನಲ್ಲಿ ಹೋಗುವ ಬಿಡಿ ಎಣ್ಣೆಗೆ ಎರಡು ಊರುಗಳ ವೇ ಬ್ರಿಡ್ಜುಗಳ (ಲಾರಿ ತೂಗುವ ಯಂತ್ರಗಳ) ನಡುವಿನ ವ್ಯತ್ಯಾಸವನ್ನು ಒಪ್ಪಿಕೊಳ್ಳದೆ ನಿರ್ವಾಹವಿಲ್ಲ.

ಮೂರನೆಯದು ಕಡಿತದ ವಿಚಾರ. ಪಾಶ್ಚಾತ್ಯ ದೇಶಗಳ ಕೆಲವು ದೊಡ್ಡ ಕಾರ್ಖಾನೆಗಳು ಪೂರೈಕೆದಾರರ ಬಿಲ್ಲನ್ನೇ ಕೇಳದೆ, ತಾವು ಸ್ವೀಕರಿಸಿದ ಎಣಿಕೆಯ ಮೇಲೆ ತಾವೇ ಲೆಕ್ಕ ಹಾಕಿ ಹಣ ಕೊಡುವ ಪದ್ಧತಿಯನ್ನು ತಂದವು. ನಮ್ಮಲ್ಲಿ ಜಿಎಸ್‌ಟಿ ಬಿಲ್ಲನ್ನು ಪೂರೈಕೆದಾರರೇ ಕೊಡಬೇಕಾದ್ದರಿಂದ ಅದನ್ನು ಹಾಗೇ ಎತ್ತಿ ತರಲಾಗದು. ಬದಲಿಗೆ, ಸ್ವೀಕೃತಿ ಸೂಚನೆಯಲ್ಲಿ 197 ಬಂದ ಕೂಡಲೇ ಗಿರಣಿಯ ಕಡೆ ಮೂರು ಡಬ್ಬಗಳ ಕ್ರೆಡಿಟ್ ನೋಟಿನ, ಅಂದರೆ ಬಿಲ್ಲಿನ ಮೊತ್ತ ಇಳಿಸುವ ಚೀಟಿಯ ಕರಡು ತಾನಾಗಿ ಸಿದ್ಧವಾಗುವಂತೆ ಮಾಡಿ. ಒಬ್ಬರು ನೋಡಿ ಒಪ್ಪಿದರೆ ಮುಗಿಯಿತು. ಇ-ಇನ್‌ವಾಯ್ಸ್ ಅನ್ವಯವಾಗುವವರು ಆ ಕ್ರೆಡಿಟ್ ನೋಟಿಗೂ ಐಆರ್‌ಎನ್ ಪಡೆಯಬೇಕು. ಮೂಲ ಬಿಲ್ಲನ್ನೇ ರದ್ದು ಮಾಡಿ ಹೊಸದು ಮಾಡೋಣ ಎಂಬ ಆಸೆ ಬೇಡ: ಪೋರ್ಟಲಿನಲ್ಲಿ ರದ್ದತಿಗೆ 24 ಗಂಟೆಗಳ ಗಡುವಿದೆ, ಇ-ವೇ ಬಿಲ್ ಚಾಲ್ತಿಯಲ್ಲಿದ್ದರೆ ರದ್ದತಿ ನಡೆಯುವುದೂ ಇಲ್ಲ. 2024ರ ಅಕ್ಟೋಬರಿನಿಂದ ಜಿಎಸ್‌ಟಿ ಪೋರ್ಟಲಿನಲ್ಲಿ ಖರೀದಿದಾರರು ಪ್ರತಿ ಬಿಲ್ಲನ್ನು ಒಪ್ಪುವ, ತಿರಸ್ಕರಿಸುವ ಅಥವಾ ಬಾಕಿ ಇಡುವ ವ್ಯವಸ್ಥೆಯೂ ಬಂದಿರುವುದರಿಂದ, ಎರಡು ಕಡೆಯ ದಾಖಲೆ ಹೊಂದದಿದ್ದರೆ ತೆರಿಗೆ ಜಮೆಯ ತೊಡಕೂ ಬೆನ್ನಿಗೆ ಬೀಳುತ್ತದೆ.

ಹಂತ 7: ಒಪ್ಪಂದ ಪತ್ರ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಎಲೆಕ್ಟ್ರಾನಿಕ್ ದಾಖಲೆಗಳಿಗೆ ಕಾನೂನು ಮಾನ್ಯತೆ ಕೊಟ್ಟಿದೆ. ಆದರೂ ಇಬ್ಬರ ನಡುವೆ ಎರಡು ಪುಟಗಳ ಒಪ್ಪಂದ ಬೇಕು. ಸ್ವೀಕೃತಿ ಸೂಚನೆ ಎಷ್ಟು ಗಂಟೆಯೊಳಗೆ ಹೋಗಬೇಕು, ಹೋಗದಿದ್ದರೆ ರವಾನೆಯ ಎಣಿಕೆಯೇ ಅಂತಿಮವೇ, ಒಂದೇ ಆರ್ಡರ್ ಎರಡು ಸಲ ಬಂದರೆ ಏನು, ಸಂಕೇತಗಳ ಪಟ್ಟಿಯನ್ನು ಯಾರು ತಿದ್ದುತ್ತಾರೆ, ಇವಿಷ್ಟು ಅದರಲ್ಲಿರಲಿ. ಜಿಎಸ್‌ಟಿ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಪಾಡಬೇಕಾದ್ದರಿಂದ ಸಂದೇಶಗಳನ್ನೂ ಅಷ್ಟು ಕಾಲ ಇಟ್ಟುಕೊಳ್ಳಲು ಒಪ್ಪಿಕೊಳ್ಳಿ.

ಹಂತ 8: ಸಾಗಿಸುವ ದಾರಿ

ಸುರಕ್ಷಿತ ಕಡತ ವರ್ಗಾವಣೆ, ಎಪಿಐ (ಎರಡು ತಂತ್ರಾಂಶಗಳ ನೇರ ಸಂಪರ್ಕ), ಅಥವಾ ಆರಂಭಕ್ಕೆ ಪ್ರತ್ಯೇಕವಾಗಿ ಮೀಸಲಿಟ್ಟ ಇಮೇಲ್ ವಿಳಾಸ, ಯಾವುದಾದರೂ ಆಗಬಹುದು. ವಾಟ್ಸ್ಆ್ಯಪನ್ನು "ಸಂದೇಶ ಬಂದಿದೆ, ನೋಡಿ" ಎಂದು ಎಚ್ಚರಿಸಲು ಬಳಸಿ, ದಾಖಲೆಯಾಗಿ ಬಳಸಬೇಡಿ. ಫೋನಿನಲ್ಲಿಯೇ ಆರ್ಡರ್ ಹೇಳುವ ಹಿರಿಯ ಗಿರಾಕಿಗಳು ಇದ್ದೇ ಇರುತ್ತಾರೆ, ಅವರನ್ನು ಬದಲಿಸುವ ಗೋಜಿಗೆ ಹೋಗದೆ, ಫೋನ್ ಎತ್ತಿದ ಗುಮಾಸ್ತರೇ ನೇರವಾಗಿ ಆರ್ಡರ್ ದಾಖಲೆಯನ್ನು ತುಂಬಿ, ಅದರ ಪ್ರತಿಯನ್ನು ಅವರಿಗೆ ಕಳಿಸಿದರಾಯಿತು. ಗೋದಾಮಿನ ಪರದೆ ಕನ್ನಡದಲ್ಲಿರಲಿ. ಒಳಗಿನ ಸಂಕೇತ ಏನೇ ಇದ್ದರೂ ಕಾಣುವುದು "ಸೋರಿಕೆ" ಎಂದೇ ಆಗಬೇಕು.

ಹಂತ 9: ತಪ್ಪು ಸಂದೇಶಗಳಿಂದಲೇ ಪರೀಕ್ಷಿಸಿ

ಸರಿಯಾದ ಆರ್ಡರ್ ಸರಿಯಾಗಿ ಹೋಗುವುದನ್ನು ತೋರಿಸುವ ಪರೀಕ್ಷೆಯಿಂದ ಕಲಿಯುವುದು ಅಲ್ಪ. ತಾಳೆ ಅಂಕಿ ತಪ್ಪಿದ ಸಂಖ್ಯೆ, ಪಟ್ಟಿಯಲ್ಲಿಲ್ಲದ ಅಳತೆ, ಎರಡು ಸಲ ಕಳಿಸಿದ ಅದೇ ಆರ್ಡರ್, ಇಲ್ಲದ ಸಾಲು ಸಂಖ್ಯೆಯ ಸ್ವೀಕೃತಿ, ಆರ್ಡರಿಗಿಂತ ಹೆಚ್ಚು ಸರಕು, ಇವನ್ನೆಲ್ಲ ಬೇಕೆಂದೇ ಕಳಿಸಿ, ಪ್ರತಿಯೊಂದಕ್ಕೂ ಎದುರಿನ ವ್ಯವಸ್ಥೆ ಸ್ಪಷ್ಟ ಕಾರಣದೊಂದಿಗೆ ತಿರಸ್ಕಾರ ಕಳಿಸುತ್ತದೆಯೇ ನೋಡಿ. ಸಂದೇಶ ಮುಟ್ಟಿತೆಂಬ ರಸೀದಿಯೂ ಮಾನಕದ ಭಾಗವೇ; ಎಡಿಫ್ಯಾಕ್ಟ್‌ನಲ್ಲಿ ಅದಕ್ಕೆಂದೇ ಕಂಟ್ರೋಲ್ ಎಂಬ ಸಂದೇಶವಿದೆ. ಹಳೆಯ ಕಾಗದದ ಕ್ರಮವನ್ನು ಕೆಲವು ವಾರ ಜೊತೆಯಲ್ಲಿ ನಡೆಸಿ, ಆದರೆ ನಿಲ್ಲಿಸುವ ದಿನಾಂಕವನ್ನು ಮೊದಲೇ ಗೊತ್ತುಮಾಡಿ. ಹಾಗೆ ಮಾಡದಿದ್ದರೆ ಎರಡೂ ಶಾಶ್ವತವಾಗಿ ಉಳಿದು ಕೆಲಸ ಇಮ್ಮಡಿಯಾಗುತ್ತದೆ.

ಹಂತ 10: ಸರಪಳಿಯನ್ನು ಹಿಂದಕ್ಕೂ ಮುಂದಕ್ಕೂ ಚಾಚುವುದು

ಐದು ಸಂದೇಶಗಳು ನೆಲೆನಿಂತ ಮೇಲೆ ಲಾಭದ ದಾರಿಗಳು ಮೂರು ಕಡೆ ತೆರೆಯುತ್ತವೆ. ಒಂದು, ಬೇಡಿಕೆಯ ಮಾಹಿತಿ. ಅಂಗಡಿಗಳಲ್ಲಿ ಮಾರಾಟ ಸ್ವಲ್ಪ ಏರಿದರೆ ಸಗಟು ವ್ಯಾಪಾರಿಯ ಆರ್ಡರ್ ಇನ್ನಷ್ಟು ಏರುತ್ತದೆ, ಗಿರಣಿಯ ಖರೀದಿ ಅದಕ್ಕಿಂತ ಹೆಚ್ಚು ಜಿಗಿಯುತ್ತದೆ. ಸರಪಳಿಯ ಹಿಂದಕ್ಕೆ ಹೋದಷ್ಟೂ ಏರಿಳಿತ ದೊಡ್ಡದಾಗುವ ಈ ಪರಿಣಾಮವನ್ನು ವಿದ್ವಾಂಸರು ಬಹಳ ಹಿಂದೆಯೇ ವಿವರಿಸಿದ್ದಾರೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ, ದೀಪಾವಳಿಗೆ ಮುಂಚೆ, ಮಂಡಕ್ಕಿ-ಮೆಣಸಿನಕಾಯಿ ಅಂಗಡಿಗಳ ಬಾಣಲೆಗಳು ಎಡೆಬಿಡದೆ ಕಾಯುವಾಗ, ಗಿರಣಿಗೆ ಬೇಕಾದದ್ದು ಗಾಬರಿಯ ಆರ್ಡರ್ ಅಲ್ಲ, ವಾರವಾರದ ನಿಜವಾದ ಮಾರಾಟದ ಅಂಕಿ.

ಎರಡನೆಯದು ಹಣ. ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿತವಾದ ಗಿರಣಿಗೆ, ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ, ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಿಗಬೇಕು. ಈ ಲೆಕ್ಕ ಆರಂಭವಾಗುವುದು ಸರಕನ್ನು ಸ್ವೀಕರಿಸಿದ ದಿನದಿಂದ. ಆ ದಿನ ಯಾವುದು ಎಂಬುದಕ್ಕೆ ಸ್ವೀಕೃತಿ ಸೂಚನೆಗಿಂತ ಸ್ಪಷ್ಟ ಸಾಕ್ಷಿ ಬೇರಿಲ್ಲ. ಖರೀದಿದಾರರು ದೊಡ್ಡ ಕಂಪನಿಯಾಗಿದ್ದರೆ, ಅವರು ಒಪ್ಪಿದ ಬಿಲ್ಲನ್ನು ಬಾಕಿ ಬಿಲ್ಲುಗಳ ಮೇಲೆ ಹಣ ಒದಗಿಸುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿಟ್ಟು ಗಡುವಿಗೆ ಮೊದಲೇ ಹಣ ಪಡೆಯುವುದೂ ಸಾಧ್ಯ.

ಮೂರನೆಯದು ಹಿಂದಕ್ಕೆ, ಕಚ್ಚಾ ಸರಕಿನ ಕಡೆಗೆ. ಪೆಟ್ಟಿಗೆಯ ಬಾರ್‌ಕೋಡಿನಲ್ಲಿ ಜಿಟಿಐಎನ್ ಜೊತೆಗೆ ಬ್ಯಾಚ್ ಸಂಖ್ಯೆ ಮತ್ತು ಬಳಕೆಯ ಅವಧಿಯನ್ನೂ ಸೇರಿಸುವ ಜಿಎಸ್1-128 ಪದ್ಧತಿಯಲ್ಲಿ 01, 10, 15 ಎಂಬ ಗುರುತುಗಳು ಕ್ರಮವಾಗಿ ಈ ಮೂರನ್ನೂ ಸೂಚಿಸುತ್ತವೆ. ಬ್ಯಾಚ್ ಸಂಖ್ಯೆಯನ್ನು ಚಳ್ಳಕೆರೆ ಮಾರುಕಟ್ಟೆಯಲ್ಲಿ ಕೊಂಡ ಶೇಂಗಾದ ಲಾಟ್ ಸಂಖ್ಯೆಗೆ ಹೊಂದಿಸಿಟ್ಟರೆ, ಒಂದು ಬ್ಯಾಚಿನಲ್ಲಿ ದೋಷ ಕಂಡಾಗ ಎಲ್ಲ ಸರಕನ್ನೂ ವಾಪಸು ಕರೆಸಬೇಕಾಗುವುದಿಲ್ಲ.

ಇದೇ ದಾರಿಯನ್ನು ಮೆಕ್ಕೆಜೋಳ ಅಥವಾ ಈರುಳ್ಳಿ ವ್ಯಾಪಾರಕ್ಕೆ ಒಯ್ಯುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪೊಟ್ಟಣ ಕಟ್ಟಿ ಲೇಬಲ್ ಹಚ್ಚದ ಮೆಕ್ಕೆಜೋಳಕ್ಕೂ ತಾಜಾ ಈರುಳ್ಳಿಗೂ ಜಿಎಸ್‌ಟಿ ಇಲ್ಲ. ಆದ್ದರಿಂದ ಇ-ಇನ್‌ವಾಯ್ಸೂ ಇಲ್ಲ, ಇ-ವೇ ಬಿಲ್ಲೂ ಬೇಕಿಲ್ಲ. ಅಂದರೆ ಎಣ್ಣೆ ವ್ಯಾಪಾರಕ್ಕೆ ಕಾನೂನು ಕೊಟ್ಟ ಸಿದ್ಧ ಬೆನ್ನೆಲುಬು ಅಲ್ಲಿ ಸಿಗುವುದಿಲ್ಲ, ಬಿಲ್ಲಿನ ನಮೂನೆಯನ್ನೂ ತಾವೇ ಒಪ್ಪಿಕೊಳ್ಳಬೇಕು. ಮೆಕ್ಕೆಜೋಳದ ಸ್ವೀಕೃತಿ ಸೂಚನೆಯಲ್ಲಿ ಚೀಲದ ಎಣಿಕೆಗಿಂತ ವೇ ಬ್ರಿಡ್ಜಿನ ಒಟ್ಟು ತೂಕ, ಖಾಲಿ ಲಾರಿಯ ತೂಕ, ತೇವಾಂಶದ ಶೇಕಡಾವಾರು, ಅಳೆದ ಯಂತ್ರದ ಗುರುತು ಇವು ಮುಖ್ಯವಾಗುತ್ತವೆ. ತೇವಾಂಶಕ್ಕೆ ಎಷ್ಟು ಕಡಿತ ಎಂಬ ಸೂತ್ರ ಆರ್ಡರಿನಲ್ಲೇ ಇರಬೇಕು, ಲಾರಿ ಕಾರ್ಖಾನೆಯ ಗೇಟಿನಲ್ಲಿ ನಿಂತ ಮೇಲಲ್ಲ.

ಎರಡನೆಯ ಗಿರಾಕಿ ಸೇರುವಾಗ ಅವರು ಖಂಡಿತವಾಗಿ ಒಂದೆರಡು ಹೆಚ್ಚಿನ ಕಾಲಂ ಕೇಳುತ್ತಾರೆ. ಆ ಕಾಲಂ ಯುಬಿಎಲ್ ಅಥವಾ ಇ-ಇನ್‌ವಾಯ್ಸ್ ನಮೂನೆಯಲ್ಲಿ ಈಗಾಗಲೇ ಇದೆಯೇ ಎಂದು ಮೊದಲು ಹುಡುಕಿ. ಇದ್ದರೆ ಅದೇ ಹೆಸರಿನಲ್ಲಿ ಸೇರಿಸಿ, ಇಲ್ಲದಿದ್ದರೆ ಐಚ್ಛಿಕವಾಗಿ ಕೊನೆಯಲ್ಲಿಟ್ಟು, ನಮೂನೆಯ ಆವೃತ್ತಿ ಸಂಖ್ಯೆಯನ್ನು ಏರಿಸಿ, ಜಾರಿಯ ದಿನಾಂಕವನ್ನು ಮೊದಲ ಗಿರಾಕಿಗೂ ಬರಹದಲ್ಲಿ ತಿಳಿಸಿ.